ಸಕ್ಕರೆ ಬೆಟ್ಟದ ಗುಂಡು

ಮಳೆಯೆನ್ನುವ ಹಾಗಿಲ್ಲ, ಇಬ್ಬನಿಯೆನ್ನುವ ಹಾಗೂ ಇಲ್ಲ, ಎರಡರ ನಡುವಿನದೇನೋ ಒಂದು ನಸುಕಿನಿಂದ ಬೆಸಗರಹಳ್ಳಿಯ ಮೇಲೆ ಇಳಿಯುತ್ತಲೇ ಇದೆ, ಅಪ್ಪನ ಹೋಟ್ಲಿನ ಹೆಂಚಿನ ತುದಿಯಲ್ಲಿ ಹನಿ ಕೂಡಿ, ದಪ್ಪಗಾಗಿ, ಬೀಳಲೋ ಬೇಡವೋ ಎಂದು ಒಂದು ಗಳಿಗೆ ಯೋಚಿಸಿ, ಬೀಳುತ್ತದೆ, ಅದರ ಹಿಂದೆ ಇನ್ನೊಂದು, ಬೀಳುವ ಮುಂಚಿನ ಆ ಹನಿಯೊಳಗೆ ರಸ್ತೆ, ಅರಳಿಕಟ್ಟೆ, ದೀಪ ಆರಿಸದೆ ಬಂದ ಮದ್ದೂರಿನ ಬಸ್ಸು, ಎಲ್ಲ ತಲೆಕೆಳಗಾಗಿ ನೇತಾಡುತ್ತವೆ — ಗುಂಡಿನೊಳಗೆ ಹಾಗಿರಲಿಲ್ಲ, ಗುಂಡಿನೊಳಗೆ ಎಲ್ಲ ನೆಟ್ಟಗೇ ಇರುತ್ತಿತ್ತು, ಬರೀ ಸಣ್ಣದಾಗಿ, ಅಪ್ಪ ಆ ಉಕ್ಕಿನ ಗುಂಡನ್ನು ಅಂಗೈ ಮೇಲಿಟ್ಟು ನನ್ನ ಮುಖದ ಹತ್ತಿರ ಹಿಡಿದರೆ ಅದರೊಳಗೆ ನಮ್ಮ ಹೋಟ್ಲು ಪೂರ್ತಿ ಕಾಣುತ್ತಿತ್ತು, ಸೌದೆ ಒಲೆ, ಬೆಂಚು, ಬಾಗಿಲು, ಬಾಗಿಲಾಚೆಯ ಬೆಳಕು, ನಡುವೆ ಮೂಗೇ ಮುಖವಾದ ನಾನು, ನೋಡವ್ವ ಶಶಿ, ಮೂರು ಲೋಕವೂ ಇದರೊಳಗವೆ ಅನ್ನುತ್ತಿದ್ದ, ನಾನು ಉಸಿರು ಬಿಟ್ಟರೆ ಮೂರು ಲೋಕಕ್ಕೂ ಮಂಜು ಮುಸುಕುತ್ತಿತ್ತು, ಅಪ್ಪ ಪಂಚೆಯ ಚುಂಗಿನಲ್ಲಿ ಒರೆಸುತ್ತಿದ್ದ, ಲೋಕ ಮತ್ತೆ ಹೊಳೆಯುತ್ತಿತ್ತು. ಇವತ್ತು ಮಹಾಲಯ ಅಮಾವಾಸ್ಯೆ, ಹಿರಿಯರ ಹಬ್ಬ, ಸಂಜೆ ದೀಪ ಹಚ್ಚುವ ಹೊತ್ತಿಗೆ ಅಪ್ಪ ಬರುತ್ತಾನೆ, ಬಂದೇ ಬರುತ್ತಾನೆ, ಅದರಲ್ಲಿ ನನಗೆ ಯಾವ ಕಾಲಕ್ಕೂ ಅನುಮಾನವಿಲ್ಲ, ಒಲೆಯ ಮೇಲೆ ಕಜ್ಜಾಯದ ಎಣ್ಣೆ ಕಾಯುತ್ತಿದೆ, ಎಡೆಯೆಂದರೆ ಹೋದವರಿಗೆ ಏನು ಇಷ್ಟವೋ ಅದನ್ನು ಇಡುವುದು, ಎದುರುಮನೆಯವರು ಅವರ ತಾತನಿಗೆ ಬೀಡಿ ಕಟ್ಟು ಇಡುತ್ತಾರೆ, ಬೆಂಕಿಪೊಟ್ಟಣ ಸಮೇತ, ಅಲ್ಲಿ ಯಾರ ಹತ್ತಿರ ಕೇಳಿಯಾನು ಪಾಪ, ಅವ್ವನಿಗೆ ನಾನು ಎಲೆ ಅಡಿಕೆಯ ಜೊತೆ ಒಂದು ಚಿಟಿಕೆ ಕಡ್ಡಿಪುಡಿ ಇಡುತ್ತೇನೆ, ಅಪ್ಪನಿಗೆ ಮಾತ್ರ ಇಷ್ಟು ವರ್ಷ ಪಂಚೆ, ಕಜ್ಜಾಯ, ಕೋಳಿ ಸಾರು ಇಟ್ಟು, ಕೈ ಮುಗಿದು, ಏನೋ ಮರೆತವಳ ಹಾಗೆ ಹಿಂದೆ ಹಿಂದೆ ನೋಡುತ್ತ ಮಳವಳ್ಳಿಯ ಬಸ್ಸು ಹತ್ತಿಬಿಡುತ್ತಿದ್ದೆ — ಅವನಿಗೆ ಇಷ್ಟವಾದದ್ದು ತಿನ್ನುವ ಪದಾರ್ಥವೇ ಅಲ್ಲವಲ್ಲ, ಒಳಗೆ ಮೂಲೆಯಲ್ಲಿ ಗೋಣಿತಾಟು ಹೊದ್ದು ನಾಲ್ಕು ಕಾಲಿನ ಮೇಲೆ ನಿಂತಿತ್ತಲ್ಲ, ಅದು, ಗುಂಡಿನಾಟದ ಪೆಟ್ಟಿಗೆ.

ಟಣ್, ಒಳಗಿನಿಂದ ಗಂಟೆ, ಇನ್ನೊಂದು ಸಲ ಟಣ್, ಎಷ್ಟು ವರ್ಷದ ಮೇಲೆ ಕೇಳಿದ್ದು ಇದನ್ನು, ದೇವಸ್ಥಾನದ ಗಂಟೆಯ ಮರಿ ಗಂಟೆ, ಲೇ ಬಂದು ನೋಡ್ಬುಡು ಇಲ್ಲಿ, ಬಾಯ್ಬುಡ್ತು ಕಣೇ ನಿಮ್ಮಪ್ಪನ ಪೆಟ್ಗೆ ಎಂದು ಇವರು ಕೂಗುತ್ತಾರೆ, ಸಿದ್ದರಾಮು — ಹೆಸರನ್ನು ಬಾಯಲ್ಲಿ ಹೇಳುವುದಿಲ್ಲ, ಮನಸ್ಸಿನೊಳಗೆ ಮಾತ್ರ ಹೇಳಿಕೊಳ್ಳುತ್ತೇನೆ, ಮನಸ್ಸಿನೊಳಗೆ ಗಂಡನ ಹೆಸರು ಹೇಳಿದರೆ ಅವರ ಆಯಸ್ಸಿಗೆ ಏನೂ ಆಗುವುದಿಲ್ಲ ಅಂತ ಅವ್ವನೇ ಹೇಳಿದ್ದಳು — ಮಳವಳ್ಳಿಯಲ್ಲಿ ಪಂಪ್‌ಸೆಟ್ಟಿನ ಮೋಟಾರಿಗೆ ತಂತಿ ಸುತ್ತಿಯೇ ತಲೆ ನರೆಸಿಕೊಂಡವರು, ಈ ಪೆಟ್ಟಿಗೆಯ ಹೊಟ್ಟೆ ಬಿಚ್ಚಿದ ದಿನ ನಕ್ಕುಬಿಟ್ಟರು, ಇದೇನೇ ಇದು, ಇಲಿ ಸಂಸಾರ ಮಾಡವೆ, ಮೊಮ್ಮಕ್ಕಳೂ ಆಗವೆ, ಈ ತಂತಿಗೆ ಮದ್ದೂರಿಂದ ಮಂಡ್ಯಕ್ಕೆ ಕಂಬ ನೆಟ್ಟು ಎಳೀಬೋದು, ಅಂತ. ಆದರೂ ಕೂತರು, ಭಾನುವಾರ ಭಾನುವಾರ ಇಲ್ಲಿಗೆ ಬಂದು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಸುಟ್ಟ ಸುರುಳಿಗಳನ್ನು ಒಂದೊಂದೇ ಬಿಚ್ಚಿ ಹೊಸ ತಂತಿ ಸುತ್ತಿದರು, ನನ್ನ ಮೇಲೆ ಪ್ರೀತಿ ಎಂದು ಅವರ ಬಾಯಲ್ಲಿ ಈ ಜನ್ಮದಲ್ಲಿ ಬರುವುದಿಲ್ಲ, ಆ ತಂತಿಯ ಸುತ್ತಿನಲ್ಲಿ ಬರುತ್ತದೆ, ಒಂದರ ಪಕ್ಕ ಒಂದು, ಎಲ್ಲೂ ಸಡಿಲವಿಲ್ಲದೆ.

ಪೆಟ್ಟಿಗೆ ಬಂದದ್ದು ಎತ್ತಿನ ಗಾಡಿಯಲ್ಲಿ, ನಾನಿನ್ನೂ ಅವ್ವನ ಸೊಂಟದ ಮೇಲಿದ್ದೆ, ನೋಡಿದ ನೆನಪಿಲ್ಲ, ಆದರೆ ಅಪ್ಪ ಹೇಳಿ ಹೇಳಿ ಈಗ ಕಣ್ಣಾರೆ ನೋಡಿದ ಹಾಗೆ ಕಾಣುತ್ತದೆ, ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಯಂತ್ರ ಕೂರಿಸಲು ಬಂದ ಇಟಲಿ ದೇಶದ ಎಂಜಿನಿಯರ್ ಒಬ್ಬನಿಗೆ ಅಡಿಗೆಗಿದ್ದ ಅಪ್ಪ, ರಾಗಿಮುದ್ದೆ ನುಂಗುವುದನ್ನು ಅವನಿಗೆ ಕಲಿಸಿದ್ದನಂತೆ, ಅವನು ಸಂಜೆ ಹೊತ್ತು ಪಿನ್‌ಬಾಲ್ ಎನ್ನುವ ಈ ಪೆಟ್ಟಿಗೆಯ ಆಟವನ್ನು ಅಪ್ಪನಿಗೆ ಕಲಿಸಿದನಂತೆ, ಊರಿಗೆ ಹೊರಟಾಗ ಹಡಗಿಗೆ ಹಾಕಲಾರದೆ ಅಂಕಯ್ಯ, ಇದು ನಿನಗೆ ಎಂದು ಕೊಟ್ಟೇಬಿಟ್ಟ, ಕಬ್ಬು ಇಳಿಸಿ ಖಾಲಿ ಬರುತ್ತಿದ್ದ ಗಾಡಿಯಲ್ಲಿ ಕಬ್ಬಿನ ಒಣಗರಿಯ, ರವುದಿಯ ಹಾಸಿಗೆ ಮಾಡಿ ಮದುವಣಗಿತ್ತಿಯ ಹಾಗೆ ಮಲಗಿಸಿಕೊಂಡು ಬಂದ ಅಪ್ಪ. ಅದು ಬಂದ ಮೇಲೇ ಹೋಟ್ಲು. ಎದ್ದು ನಿಂತ ಗಾಜಿನ ಮೇಲೆ ಚಿತ್ರ, ಈಗಲೂ ಬಣ್ಣ ಮಾಸಿಲ್ಲ, ಬೆಳ್ಳನೆಯ ಬೆಟ್ಟ, ಅದರ ಮೇಲಿನಿಂದ ಕಾಲಿಗೆ ಉದ್ದುದ್ದ ಹಲಗೆ ಕಟ್ಟಿಕೊಂಡು, ಕೈಯಲ್ಲಿ ಕೋಲು ಹಿಡಿದು, ಕೆಂಪು ಟೋಪಿಯ ಗಂಡಸರೂ ಹಳದಿ ಟೋಪಿಯ ಒಬ್ಬ ಹೆಂಗಸೂ ಜಾರಿ ಬರುತ್ತಿದ್ದಾರೆ, ಹಿಮ ಎಂದರೆ ಏನೆಂದು ನಮ್ಮೂರಲ್ಲಿ ಯಾರು ಕಂಡಿದ್ದರು, ಇದೇನ್ಲಾ ಅಂಕಯ್ಯ ಈ ಬಿಳೀ ಗುಡ್ಡ ಎಂದು ಕೇಳಿದ ಮೊದಲ ಗಿರಾಕಿಗೆ ಅಪ್ಪ, ಟೀ ಎತ್ತಿ ಸುರಿಯುತ್ತಲೇ, ಸಕ್ಕರೆ ಕಣ್ಲಾ, ನಮ್ಮ ಮಂಡ್ಯದ್ದೇ, ಗಾಡಿಗಟ್ಟಲೆ ಓಯ್ತದಲ್ಲ, ಅಲ್ಲಿ ರಾಶಿ ಆಕವ್ರೆ, ಅಂದ. ಅವನು ನಂಬಿದ, ಇಡೀ ಊರು ನಂಬಿತು, ಮತ್ತೆ ಕಾಲಿಗೆ ಹಲಗೆ ಯಾಕೆ, ಉಗೀದೆ ಇರ್ಲಿ ಅಂತ ಕಣಲೇ, ಮತ್ತೆ ಇರುವೆ ಒಂದೂ ಕಾಣ್ದಲ್ಲೋ, ಚಳಿಗೆ ಸತ್ತೋದೊ, ಎಲ್ಲಕ್ಕೂ ಅಪ್ಪನ ಹತ್ತಿರ ಉತ್ತರವಿತ್ತು. ಕಬ್ಬು ಕಡಿದು ಕೈ ಒಡೆದುಕೊಂಡ ಗಂಡಸರು ಆ ಬೆಟ್ಟದ ಮುಂದೆ ನಿಂತು, ನಾವು ಕಡಿದದ್ದರ ಮೇಲೆ ಅಲ್ಲೊಬ್ಬಳು ಜಾರುಬಂಡೆ ಆಡ್ತಾವ್ಳೆ ನೋಡ್ಲಾ ಎಂದು ಎಂಥ ಖುಷಿಯಲ್ಲಿ ನಗುತ್ತಿದ್ದರು, ಸಿಟ್ಟಲ್ಲ, ಹೆಮ್ಮೆ. ನಾನೂ ನಂಬಿದ್ದೆ, ಮಂಡ್ಯದ ಕಾಲೇಜಿನಲ್ಲಿ ಅದು ಹಿಮ ಎಂದು ತಿಳಿದ ದಿನ ಏನೋ ಕಳೆದುಕೊಂಡ ಹಾಗಾಗಿತ್ತು, ಈಗಲೂ ಕಣ್ಣು ಮುಚ್ಚಿದರೆ ಅದು ಸಕ್ಕರೆಯೇ.

ಬೆಳಿಗ್ಗೆ ಹೋಟ್ಲು ತೆಗೆದೊಡನೆ ಒಲೆಗೆ ಒಂದು ಊದುಬತ್ತಿ, ಪೆಟ್ಟಿಗೆಗೆ ಒಂದು, ಆಮೇಲೆ ಗಿರಾಕಿ ಬರುವ ಮುಂಚೆ ಅಪ್ಪನೂ ನಾನೂ ಒಂದಾಟ, ಊರ ಹೆಂಗಸರು ಹೋಟ್ಲಿನ ಹೊಸಲು ದಾಟುವ ಕಾಲವಲ್ಲ ಅದು, ನನಗೆ ಮಾತ್ರ ಆ ಹೊತ್ತು, ಸ್ಪ್ರಿಂಗಿನ ಕಡ್ಡಿ ಎಳೆದು ಬಿಟ್ಟರೆ ಗುಂಡು ಬೆಟ್ಟದ ಕೆಳಗಿನ ಇಳಿಜಾರು ಹಲಗೆಯ ನೆತ್ತಿಗೆ ಏರಿ, ತಿರುಗಿ, ಅಣಬೆಯಂಥ ದೀಪಗಳಿಗೆ ಬಡಿದು, ಟಣ್ ಟಣ್ ಎಂದು ಲೆಕ್ಕ ಏರಿಸುತ್ತ ಇಳಿದು ಬರುತ್ತದೆ, ಕೆಳಗೆ ಬಾಯಿ ತೆರೆದ ಗುಂಡಿಗೆ ಬೀಳದ ಹಾಗೆ ಪಕ್ಕದ ಎರಡು ಗುಬುಟು ಒತ್ತಿ ಎರಡು ಪುಟ್ಟ ತೋಳುಗಳಿಂದ ಮೇಲಕ್ಕೆ ಹೊಡೆಯಬೇಕು, ಆಸೆಗೆ ಪೆಟ್ಟಿಗೆಯನ್ನೇ ಹಿಡಿದು ಅಲುಗಾಡಿಸಿದರೆ ದೀಪವೆಲ್ಲ ಆರಿ ಸುಮ್ಮನಾಗುತ್ತದೆ, ಮುನಿಸ್ಕೊಂತು ಬುಡು ಎನ್ನುತ್ತಿದ್ದ ಅಪ್ಪ, ದೇವರೂ ಅಷ್ಟೇ ಕಣವ್ವ, ಕೇಳ್ಬೋದು, ಅಲ್ಲಾಡುಸ್ಬಾರ್ದು. ಒಂದು ದಿನವೂ ಸೋತು ಕೊಡಲಿಲ್ಲ ನನಗೆ, ಮಗಳು ಅಂತ ಬುಟ್ಕೊಟ್ರೆ ಅದು ಆಟ ಅಲ್ಲ, ಭಿಕ್ಷೆ, ಅನ್ನುತ್ತಿದ್ದ, ನಾನು ಕಾಲು ಒದ್ದು ಅಳುತ್ತಿದ್ದೆ, ಮರುದಿನ ಮತ್ತೆ ಹೋಗಿ ನಿಲ್ಲುತ್ತಿದ್ದೆ, ಆಮೇಲೆ ಮಳವಳ್ಳಿಯ ಸ್ಕೂಲಿನಲ್ಲಿ ಪಿ.ಟಿ. ಟೀಚರಾಗಿ ಸೀಟಿ ಊದುತ್ತ ಎಷ್ಟು ಸಾವಿರ ಮಕ್ಕಳಿಗೆ ಅದನ್ನೇ ಹೇಳಿದೆನೋ, ಆಟ ಬಾಕಿ ಇಟ್ಟು ಮನೆಗೆ ಹೋಗ್ಬೇಡ್ರೋ ಅಂತಲೂ ಹೇಳುತ್ತಿದ್ದೆ, ಹೇಳುವಾಗೆಲ್ಲ ನನ್ನದೇ ಬಾಕಿ ನೆನಪಾಗುತ್ತಿತ್ತು. ಏಕೆಂದರೆ ನಾನಿನ್ನೂ ಹುಡುಗಿಯಾಗಿದ್ದಾಗಿನ ಆ ದಿನ, ಆಯುಧಪೂಜೆಯ ಮುಂಚಿನ ದಿನ, ಅಪ್ಪ ಗುಂಡು ಓಡಾಡುವ ಹಲಗೆಯ ಮೇಲಿನ ಗಾಜು ತೆಗೆದು ಒರೆಸಲಿಕ್ಕೆಂದು ಗೋಡೆಗೆ ಒರಗಿಸಿದ್ದ, ಗಾಜಿಲ್ಲದೆಯೇ ಆಡಿದೆವು, ಗುಂಡು ಇರುವುದೊಂದೇ, ಬಿಟ್ಟ ಸಲವನ್ನೇ ಒಂದೊಂದು ಗುಂಡೆಂದು ಎಣಿಸುವುದು, ಅಪ್ಪನ ಗುಂಡುಗಳೆಲ್ಲ ಮುಗಿದವು, ಎರಡು ಸಾವಿರದ ಮುನ್ನೂರ ನಲವತ್ತು, ನನ್ನದು ಎರಡು ಸಾವಿರದ ಇನ್ನೂರ ಎಂಬತ್ತು, ಕೊನೆಯ ಗುಂಡು ಇನ್ನೂ ನನ್ನ ಕೈಯಲ್ಲಿದೆ, ಅರವತ್ತು ದಾಟಿದರೆ ಸಾಕು, ಅಪ್ಪ ಮೊದಲ ಸಲ ಬೆಂಚು ಬಿಟ್ಟು ಎದ್ದು ನಿಂತ, ಎಳೆದೆ, ಬಿಟ್ಟೆ, ಎಷ್ಟು ಜೋರಾಗಿ ಬಿಟ್ಟೆನೆಂದರೆ ಗುಂಡು ನೆತ್ತಿಯ ತಿರುವಿನಲ್ಲಿ ನಿಲ್ಲಲೇ ಇಲ್ಲ, ಹಾರಿತು, ಬಿಸಿಲಿನಲ್ಲಿ ಒಂದು ಸಲ ಫಳ್ಳೆಂದು ಹೊಳೆದು, ಕಿಟಕಿಯ ಸರಳುಗಳ ನಡುವೆ ನುಸುಳಿ, ಹೊರಗೆ, ಆಳೆತ್ತರ ಬೆಳೆದ ಕಬ್ಬಿನ ಗದ್ದೆಯೊಳಗೆ — ಆ ಹೊಳಪು ಈಗಲೂ ಕಣ್ಣಿನಲ್ಲಿದೆ, ರೆಪ್ಪೆ ಮುಚ್ಚಿದರೆ ಅಲ್ಲೇ ಇದೆ.

ಹುಡುಕಿದೆವು, ಸೋಗೆ ಮೈ ಕುಯ್ದು ಉರಿಯುತ್ತಿದ್ದರೂ ಹುಡುಕಿದೆವು, ಕಬ್ಬು ಕಡಿದ ಮೇಲೂ ಹುಡುಕಿದೆವು, ಗದ್ದೆ ಕೆಸರು, ನಾಲೆ ನೀರು, ಎಲ್ಲಿ ಹೂತಿತ್ತೋ. ಅಪ್ಪ ಲಾರಿಯ ಬೇರಿಂಗಿನ ಗುಂಡು, ಗಾಣದ ಗುಂಡು ತಂದು ನೋಡಿದ, ಒಂದು ಸಿಕ್ಕಿಕೊಂಡಿತು, ಒಂದು ಸಂದಿಯಲ್ಲಿ ಬಿದ್ದುಹೋಯಿತು, ಆಮೇಲೆ ಸುರುಳಿಯೂ ಸುಟ್ಟುಹೋಯಿತು, ಇರ್ಲಿ ಬುಡವ್ವ, ಅದರ ಗುಂಡು ಅದುಕ್ಕೇ ಬತ್ತದೆ ಎಂದು ಗೋಣಿತಾಟು ಹೊದಿಸಿದ, ಆದರೆ ಒಂದು ಮಾಡಿದ, ಹೊಸ ಆಟದ ಗುಬುಟನ್ನು ಯಾರೂ ಒತ್ತದ ಹಾಗೆ ಮೇಣ ಮೆತ್ತಿಬಿಟ್ಟ, ಒತ್ತಿದರೆ ಲೆಕ್ಕದ ಚಕ್ರಗಳು ತಿರುಗಿ ಎಲ್ಲ ಸೊನ್ನೆಯಾಗುತ್ತವಲ್ಲ, ಒತ್ತದಿದ್ದರೆ ಕರೆಂಟು ಹೋದರೂ ಚಕ್ರ ನಿಂತ ಕಡೆಯೇ ನಿಂತಿರುತ್ತದೆ, ಇವತ್ತಿಗೂ ನಿಂತಿದೆ, ಮೇಲೆ ಅಪ್ಪನ ಎರಡು ಸಾವಿರದ ಮುನ್ನೂರ ನಲವತ್ತು, ಕೆಳಗೆ ನನ್ನ ಎರಡು ಸಾವಿರದ ಇನ್ನೂರ ಎಂಬತ್ತು. ನಿಂಗೊಂದು ಗುಂಡು ಬಾಕಿ ಐತೆ ಕಣವ್ವ, ಎಂದು ಅವತ್ತಿನಿಂದ ಅದೇ ಮಾತು, ನಾನು ಕಾಲೇಜಿಗೆ ಹೊರಟಾಗ ಬಸ್ಸಿನ ಕಿಟಕಿಯಲ್ಲಿ ಅದೇ, ಧಾರೆ ಎರೆಯುವಾಗ ನನ್ನ ಕೈ ಹಿಡಿದುಕೊಂಡು ಪುರೋಹಿತರಿಗೂ ಕೇಳುವ ಹಾಗೆ ಅದೇ, ಇವರು ಬೆಚ್ಚಿಬಿದ್ದು ಆಮೇಲೆ ಕೇಳಿದರು, ಏನೇ ಅದು, ನಿಮ್ಮಪ್ಪ ಬಂದೂಕ ಮಡಿಕಂಡವ್ರಾ, ಅಂತ. ಕಣ್ಣು ಮುಚ್ಚುವ ಮುಂಚೆ ಬಾಯಿಗೆ ನೀರು ಬಿಟ್ಟಾಗಲೂ ತುಟಿ ಅಲುಗಿತು, ನಾನು ಕಿವಿ ಹತ್ತಿರ ತಂದೆ, ಬಾಕಿ, ಅಂದ, ನಕ್ಕ ಅಂತಲೇ ನನಗೆ ಕಂಡಿತು. ಗಂಡು ಮಕ್ಕಳಿಲ್ಲದ ಮನೆ, ಮಗಳು ಎಡೆ ಇಟ್ಟರೆ ಸಲ್ಲುತ್ತದೋ ಇಲ್ಲವೋ ಎಂದು ಊರಲ್ಲಿ ಮಾತಾಡಿದರು, ಸಲ್ಲುತ್ತದೆ, ಆದರೆ ಈ ಸಲ ನಾನು ಇಡುವ ಎಡೆ ಅನ್ನದ್ದಲ್ಲ, ಸಂಜೆ ದೀಪ ಹಚ್ಚಿ, ಅಪ್ಪನ ಲೆಕ್ಕದ ಎದುರು ನಿಂತು, ಆ ಒಂದು ಗುಂಡು ಆಡುತ್ತೇನೆ, ಒಂದೇ, ಗೆದ್ದರೂ ಸರಿ, ಗುಂಡಿಗೆ ಬಿದ್ದರೂ ಸರಿ, ಆಟ ಮುಗಿಯಬೇಕು, ಅವನು ನೋಡಬೇಕು.

ಮೊದಲ ಕಜ್ಜಾಯ ಎಣ್ಣೆಯಲ್ಲಿ ಮುಳುಗಿ, ಯೋಚಿಸಿ, ತೇಲಿತು, ಶುಭ. ಗುಂಡೂ ಬಂದಿದೆ ಕೊರಿಯರಿನಲ್ಲಿ, ಇವರೇ ಫೋನಿನಲ್ಲಿ ಹುಡುಕಿ ತರಿಸಿದ್ದು, ಅಳತೆಗೆ ಸರಿಯಾದದ್ದು, ಹೊಚ್ಚ ಹೊಸದು, ಹೊಳೆಯುತ್ತದೆ, ಒಳಗೆ ಹೋಟ್ಲೂ ಕಾಣುತ್ತದೆ, ಆದರೆ ಆ ಹೋಟ್ಲು ಪರಿಚಯವಿಲ್ಲದವರ ಮನೆಯ ಹಾಗೆ ಕಾಣುತ್ತದೆ, ಏನು ಮಾಡುವುದು. ಇವರಿಗೆ ಹೇಳದೆ ಉಳಿಸಿದ ಮಾತು ಒಂದಿದೆ. ಗೌರಿ ಹಬ್ಬದ ಕಡುಬು ಕೊಡಲು ಪಟ್ಟಕ್ಕನ ಮನೆಗೆ ಹೋಗಿದ್ದೆ, ಪಟ್ಟಲಮ್ಮ, ನಮ್ಮ ಹಿತ್ತಲಿನಾಚೆಯ ಮನೆ, ನಾನು ಕಾಲೇಜಿಗೆ ಹೋದ ವರ್ಷ ಈ ಊರಿಗೆ ಸೊಸೆಯಾಗಿ ಬಂದವಳು, ನಡುಮನೆಯಲ್ಲಿ ದೇವರ ಗೂಡು, ಚಾಮುಂಡಿ, ಮಾದಪ್ಪ, ನಡುವೆ ಒಂದು ತಟ್ಟೆಯಲ್ಲಿ, ವಿಭೂತಿಯ ಮೂರು ಗೆರೆ, ಕುಂಕುಮದ ಒಂದು ಬೊಟ್ಟು, ನೆತ್ತಿಯ ಮೇಲೆ ಒಂದು ಕಣಗಿಲೆ ಹೂ — ನನ್ನ ಎದೆ ಟಣ್ ಎಂದಿತು — ಇದ್ಯಾವ ದೇವ್ರಕ್ಕ ಎಂದೆ, ಗುಂಡಪ್ಪ ಕಣವ್ವ, ನಮ್ಮ ಕಬ್ಬಿನ ಗದ್ದೇಲಿ ಉದ್ಭವ ಆದೋನು, ನಾನು ಮದುವ್ಯಾಗಿ ಬಂದ ವರ್ಷ ಬದು ಕೆತ್ತುವಾಗ ಸನಿಕೆಗೆ ಠಣ್ಣಂತ ಸಿಕ್ದ, ತುಕ್ಕು ಇಡಿದಿತ್ತು, ಹುಣ್ಸೇಹಣ್ಣಾಕಿ ಉಜ್ಜುದ್ರೆ ಕಣ್ಣು ಬುಟ್ಟಂಗೆ ಒಳೆದುಬುಟ್ಟ, ನಮ್ಮತ್ತೆ ನೋಡುದ್ದೇ ಯಾರ್ಗೂ ಏಳ್ಬ್ಯಾಡ ಅಂತ ಗೂಡಲ್ಲಿ ಕೂರುಸ್ದ್ರು, ಮಗೀಗೆ ಜ್ವರ ಬಂದಾಗ ಬೇಡ್ಕಂಡೆ, ಇಳೀತು, ಎಮ್ಮೆ ಕಳ್ದಾಗ ಬೇಡ್ಕಂಡೆ, ತಾನೇ ಬಂತು, ಏನು ಕೇಳುದ್ರೂ ಇಲ್ಲ ಅನ್ನಾಕಿಲ್ಲ, ಎಂದು ಸೆರಗಿನಿಂದ ಎಣ್ಣೆ ಒರೆಸಿದಳು, ಒರೆಸಿದ ಕಡೆ ಅವಳ ನಡುಮನೆ ಪೂರ್ತಿ ಕಂಡಿತು, ನೆಟ್ಟಗೆ, ಸಣ್ಣದಾಗಿ. ನಾನು ಕಣ್ಣು ಆ ಕಡೆ ತಿರುಗಿಸಿದೆ, ಕೈ ಮುಗಿದೆ, ಸುಳ್ಳಾಗಿ ಮುಗಿಯಲಿಲ್ಲ, ಇಷ್ಟು ವರ್ಷ ಎಣ್ಣೆಬತ್ತಿ ಕಂಡದ್ದು ಬರೀ ಉಕ್ಕಾಗಿ ಉಳಿದೀತೇ, ಅದು ನಮ್ಮದು ಕೊಡಕ್ಕ ಎನ್ನಲು ಯಾವ ಬಾಯಿ, ಒಂದು ಆಟಕ್ಕಾಗಿ ಒಬ್ಬಳ ದೇವರನ್ನು ಕೇಳುವುದೇ, ಕೇಳ್ಬೋದು ಅಲ್ಲಾಡುಸ್ಬಾರ್ದು ಎಂದಿದ್ದ ಅಪ್ಪ, ಇದನ್ನು ಕೇಳಿದರೆ ಅಲ್ಲಾಡಿಸಿದ ಹಾಗೆಯೇ. ಆದ್ದರಿಂದ ಕೊರಿಯರಿನ ಗುಂಡು. ಅಪ್ಪ ಒಪ್ಪಿಕೋ.

ಏನೇ, ಕಜ್ಜಾಯ ಒಡೀತಾ ಅವೆ, ಪಾಕ ಬಲ್ತುಬುಟ್ಟದೆ, ಟೀಚರಮ್ಮ ಸೀಟಿ ಊದುದ್ರೆ ಕಜ್ಜಾಯ ಸಾಲಾಗಿ ನಿಲ್ಲಾಕಿಲ್ಲ ಕಣೇ — ತಲೆಯೆತ್ತಿದರೆ ಪಟ್ಟಕ್ಕನೇ, ತುಂತುರಿಗೆ ತಲೆ ಮೇಲೆ ಸೆರಗು, ಬಲಗೈ ಸೆರಗಿನೊಳಗೆ, ಬಾರಕ್ಕ ಎಂದೆ, ನಿಮ್ಮೋರು ಅದೇನೋ ಪೆಟ್ಗೆ ರಿಪೇರಿ ಮಾಡವ್ರಂತಲ್ಲ, ಊರೆಲ್ಲ ಅದೇ ಮಾತು, ತೋರ್ಸು, ಎಂದು ನಾನು ಏಳುವ ಮುಂಚೆಯೇ ಹೊಸಲು ದಾಟಿದಳು, ಇಷ್ಟು ವರ್ಷದಲ್ಲಿ ಮೊದಲ ಸಲ. ಗೋಣಿತಾಟಿಲ್ಲದೆ ದೀಪ ಹತ್ತಿಸಿಕೊಂಡು ನಿಂತಿದೆ ಪೆಟ್ಟಿಗೆ, ಸಕ್ಕರೆ ಬೆಟ್ಟ ಹೊಳೆಯುತ್ತಿದೆ, ಪಟ್ಟಕ್ಕ ಗಲ್ಲದ ಮೇಲೆ ಬೆರಳಿಟ್ಟು ಹಳದಿ ಟೋಪಿಯವಳನ್ನು ನೋಡಿದಳು, ಈವಮ್ಮ ಬಿದ್ರೆ ಸೊಂಟ ಮುರೀತದೆ ಎಂದಳು, ಆಮೇಲೆ ಬಗ್ಗಿ, ಕಡ್ಡಿಯ ಮುಂದೆ ಗುಂಡು ಕೂರುವ ಖಾಲಿ ತೋಡನ್ನು ನೋಡಿದಳು, ಬಹಳ ಹೊತ್ತು ನೋಡಿದಳು, ಇದ್ರಲ್ಲಿ ಓಡಾಡೋದು ಏನು, ಎಂದಳು. ಗೋಲಿ ಕಣಕ್ಕ, ದೊಡ್ಡ ಗೋಲಿ, ಎಂದು ನಾನು ಅವಸರವಾಗಿ, ಇವರ ಕಾಲು ತುಳಿಯಲು ಹೋಗಿ ಬೆಂಚಿನ ಕಾಲು ತುಳಿದೆ, ಏನೂ ಗೊತ್ತಿಲ್ಲದ ಇವರು, ಗೋಲಿ ಅಲ್ಲ ಕಣವ್ವ, ಇದು, ಎಂದು ಕೊರಿಯರಿನ ಗುಂಡನ್ನು ಪೊಟ್ಟಣದಿಂದ ತೆಗೆದು ಮುಂದೆ ಹಿಡಿದೇಬಿಟ್ಟರು. ಮುಗಿಯಿತು. ಪಟ್ಟಕ್ಕ ಅದನ್ನು ಮುಟ್ಟಲಿಲ್ಲ, ನಗುವ ಹಾಗಿತ್ತು ಮುಖ, ಅವತ್ತು ಗೂಡು ನೋಡಿ ಕಣ್ಣು ಆ ಕಡೆ ತಿರುಗುಸ್ದೆಯಲ್ಲ, ಅವತ್ತೇ ಅನ್ಕಂಡೆ ಏನೋ ಐತೆ ಅಂತ, ಪೆಟ್ಗೆ ಸುದ್ದಿ ಬಂದಾಗ ತಿಳೀತು, ಎಂದಳು, ಬಾಯಿ ಬುಟ್ಟು ಕೇಳಾಕೇನೇ ನಿಂಗೆ ರೋಗ. ಅಕ್ಕ, ಅದು ನಿನ್ನ ದೇವ್ರು ಎಂದೆ, ಹೂಂ, ನನ್ನ ದೇವ್ರೇ, ಈಗ ಅಲ್ಲ ಅಂದೋರ್ಯಾರು, ಆದ್ರೆ ಹಿರೀಕ್ರು ಬರೋ ದಿನ ಇನ್ನೊಬ್ರ ಮನೆ ಪದಾರ್ಥ ಮನೇಲಿರ್ಬಾರ್ದು ಅನ್ನೋರು ನಮ್ಮತ್ತೆ, ಯಾರ್ಗೂ ಏಳ್ಬ್ಯಾಡ ಅಂದೋರೂ ಅವ್ರೇಯ, ಸಂಜೆ ಅವ್ರೂ ಬತ್ತಾರಲ್ಲ, ಇಬ್ರೂ ಕೂತ್ಕಂಡು ವಿಚಾರುಸ್ಕತೀವಿ ಬುಡು. ಇವರು ಹೊಸ ಗುಂಡು ಹಿಡಿದ ಕೈ ಇನ್ನೂ ಇಳಿಸಿಲ್ಲ, ಹಾಗಾದ್ರೆ ಇದನ್ನಾದ್ರೂ ಮಡಿಕಳವ್ವ ಗೂಡಲ್ಲಿ ಎಂದರು, ಅದು ಅಂಗ್ಡೀದು ಕಣಪ್ಪ, ಗದ್ದೇಲಿ ಉಟ್ಟಿದ್ದಲ್ಲ, ತಟ್ಟೇಲಿ ಇವನು ಕೂತು ಕೂತು ಗುಳಿ ಬಿದ್ದೈತೆ, ಆ ಗುಳಿಗೇ ದೀಪ ಅಚ್ತೀನಿ, ಎಲ್ಲೋಯ್ತಾನೆ, ಕೂತು ಕೂತು ಅವನ್ಗೂ ಮೈ ಜಡ್ಡಾಗೈತೆ, ಒಸಿ ಓಡಾಡ್ಲಿ.

ಸೆರಗಿನೊಳಗಿಂದ ಬಲಗೈ ಹೊರಗೆ ಬರುತ್ತದೆ, ವೀಳ್ಯದೆಲೆ, ಎಲೆಯ ಮೇಲೆ ಗುಂಡಪ್ಪ, ನನ್ನ ಕೈ ಮೇಲೇಳಲಿಲ್ಲ, ಹಿಟ್ಟಾಗಿದೆ, ಎಣ್ಣೆಯಾಗಿದೆ, ಅವಳೇ ಹಿಡಿದು, ಬೆರಳು ಒಂದೊಂದೇ ಬಿಡಿಸಿ, ತಾಂಬೂಲ ಕೊಡುವ ಹಾಗೆ ಎರಡೂ ಕೈಯಲ್ಲಿ ಎಲೆ ಸಮೇತ ನನ್ನ ಅಂಗೈಗೆ ಇಟ್ಟು, ಒಡೆದ ಕಜ್ಜಾಯಗಳ ಕಡೆಗೆ ನಡೆದಳು, ಬೆಚ್ಚಗಿದೆ, ಅವಳ ಕೈಯ ಬಿಸಿ, ಒರೆಸಲೇ, ಬೇಡ, ವಿಭೂತಿಯೂ ಇರಲಿ, ಬೊಟ್ಟೂ ಇರಲಿ, ಅಪ್ಪ ನೋಡು, ಮುಖದ ಹತ್ತಿರ ತರುತ್ತೇನೆ, ಉಸಿರು ಬಿಡುವುದಿಲ್ಲ, ಒಲೆ ಇದೆ, ಬೆಂಚು ಇದೆ, ಬಾಗಿಲು, ಬಾಗಿಲಾಚೆ ಬೆಳಕು, ಬಾಣಲೆಯ ಮುಂದೆ ಕುಕ್ಕರುಗಾಲಿನಲ್ಲಿ ಪಟ್ಟಕ್ಕ, ಪೊಟ್ಟಣ ಹಿಡಿದು ನಿಂತ ಸಿದ್ದರಾಮು, ಬೆಳ್ಳನೆಯ ಬೆಟ್ಟ, ನಡುವೆ ಮೂಗೇ ಮುಖವಾದ ನಾನು, ಎಲ್ಲ ಸಣ್ಣದಾಗಿ, ಎಲ್ಲ ನೆಟ್ಟಗೆ, ನನ್ನ ಹಣೆ ಇರುವ ಕಡೆ ಸರಿಯಾಗಿ ಆ ಕೆಂಪು ಬೊಟ್ಟು, ಅಪ್ಪ ನೀನೇ ಇಟ್ಟ ಹಾಗೆ — ಆ ಕೆಂಪು ಬೊಟ್ಟು —